ಚಾಲ್‌ತೆಪೆಯ ಒರಳು

ಸೆಪ್ಟೆಂಬರ್ ಹನ್ನೆರಡು, ಶನಿವಾರ ಬೆಳಿಗ್ಗೆ ಎಂಟೂವರೆಗೆ ಚಾಲ್‌ತೆಪೆ ಠಾಣೆಗೆ ದೂರು ಬಂತು. ತಂದವರು ಊರಾಚೆಯ ದಿಬ್ಬದಲ್ಲಿ ನಡೆದಿದ್ದ ಉತ್ಖನನದ ಮುಖ್ಯಸ್ಥೆ ಡಾಕ್ಟರ್ ನೆರ್ಮಿನ್. ಅವರ ಶಿಬಿರದ ಉಗ್ರಾಣದಿಂದ ಹಿಟ್ಟೈಟ್ ರಾಜರ ಕಾಲದ, ಮೂರು ಸಾವಿರ ವರ್ಷಕ್ಕೂ ಹಳೆಯ ಕೆತ್ತನೆಗಲ್ಲೊಂದು ಕಾಣೆಯಾಗಿತ್ತು. ಸೋಮವಾರ ಅದು ರಾಜಧಾನಿಯ ಮ್ಯೂಸಿಯಂಗೆ ಹೊರಡಬೇಕಿತ್ತು.

"ಎಷ್ಟು ದೊಡ್ಡದು?" ಸಾರ್ಜೆಂಟ್ ಹಿಕ್ಮೆತ್ ಕೇಳಿದ.

"ಎತ್ತೋಕೆ ನಾಲ್ಕು ಗಂಡಾಳು ಬೇಕು. ಪಕ್ಕದಲ್ಲಿ ರಾಜ ಮಳೆದೇವರಿಗೆ ಮದ್ಯ ಎರೆಯೋ ಕೆತ್ತನೆ. ಮೇಲೊಂದು ಕುಳಿ. ಹಳ್ಳಿಯವರು ಗೋಧಿ ಕುಟ್ಟಿ ಕುಟ್ಟಿ ಹಾಳು ಮಾಡಿದ್ದು."

ಪೇದೆ ಜೆವ್ದೆತ್ ಆ ಹಳ್ಳಿಯವನೇ. "ಅದು ನಮ್ಮೂರ ಒರಳು, ಡಾಕ್ಟರಮ್ಮ" ಎಂದ. ಸಾರ್ಜೆಂಟ್ ಹುಬ್ಬೇರಿಸಿದ್ದು ನೋಡಿ ತಲೆ ತಗ್ಗಿಸಿ ಎಫ್‌ಐಆರ್ ಬರೆಯತೊಡಗಿದ.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಬರಹದ ಮಣ್ಣಿನ ಹಲಗೆಗಳು, ಜೇಬಿಗೆ ಹಾಕಿಕೊಂಡು ಹೋಗಬಹುದಾಗಿದ್ದ ಮುದ್ರೆಗಳು, ಎಲ್ಲವೂ ಇದ್ದಲ್ಲೇ ಇದ್ದವು.

"ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕಂಡಿದ್ದೆ ಸಾರ್" ಎಂದ ಜೆವ್ದೆತ್. "ಇಲಿ ಬಿಟ್ಟು ಬೆಟ್ಟಾನೇ ಹೊತ್ಕೊಂಡು ಹೋಗೋರನ್ನ ಇವತ್ತೇ ಕಾಣ್ತಿರೋದು."

ಹಿಕ್ಮೆತ್ ನಗಲಿಲ್ಲ. ಅವನ ಕಣ್ಣು ಬಾಗಿಲ ಹೊರಗಿನ ನೆಲದ ಮೇಲಿತ್ತು. ಜೂನ್‌ನಿಂದ ಒಂದು ಹನಿ ಮಳೆಯಿಲ್ಲ. ಆದರೂ ಟ್ರ್ಯಾಕ್ಟರಿನ ಗಾಲಿಯ ಗುರುತಿನ ಮೇಲೆ ಕೆಸರಾಗಿತ್ತು. ಅದರ ಅಂಚಿನಲ್ಲಿ ಹೆಂಗಸಿನ ರಬ್ಬರ್ ಚಪ್ಪಲಿಯ ಅಚ್ಚು. ಗಾಡಿ ಹೊರಟ ಮೇಲೆ ಯಾರೋ ನೀರು ಚೆಲ್ಲಿದ್ದರು.

ನಮ್ಮ ಕಡೆ ದೂರ ಹೊರಟವರ ಬೆನ್ನ ಹಿಂದೆ ನೀರು ಚೆಲ್ಲುತ್ತೇವೆ. ನೀರಿನಂತೆ ಸರಾಗವಾಗಿ ಹೋಗಿ, ನೀರಿನಂತೆ ತಿರುಗಿ ಬಾ ಎಂದು. ಮಗ ಸೈನ್ಯಕ್ಕೆ ಹೊರಟಾಗ ತಾಯಿ ಚೆಲ್ಲುವ ನೀರು ಅದು. ಹಿಕ್ಮೆತ್‌ನ ತಾಯಿಯೂ ಚೆಲ್ಲಿದ್ದಳು. ಬಸ್ಸಿನ ಕಿಟಕಿಯಿಂದ ನೋಡಿದ್ದ ಆ ಖಾಲಿ ಬಿಂದಿಗೆ ಅವನಿಗೆ ನೆನಪಾಯಿತು. ಕದ್ದ ಮಾಲಿನ ಹಿಂದೆ ಯಾರೂ ನೀರು ಚೆಲ್ಲುವುದಿಲ್ಲ.

"ಮಾರೋಕೆ ಒಯ್ದಿಲ್ಲ" ಎಂದ. "ವಾಪಸ್ ತರೋಕೆ ಒಯ್ದಿದ್ದಾರೆ. ಡಾಕ್ಟರಮ್ಮ, ಬೀಗದ ಕೈ ಎಷ್ಟಿವೆ?"

"ಎರಡು. ಒಂದು ನನ್ನ ಹತ್ರ. ಇನ್ನೊಂದು ಅಡುಗೆಮನೆ ಮೊಳೆಗೆ ತೂಗಿರುತ್ತೆ."

"ಅಡುಗೆ ಯಾರದ್ದು?"

"ಜೋಹ್ರೆ ಅಜ್ಜಿ. ನಾಳೆ ಮೊಮ್ಮಗಳ ಮದುವೆ ಅಂತ ರಜೆ ಹಾಕಿದ್ದಾಳೆ."

ಹನ್ನೊಂದಕ್ಕೆ ಜೀಪು ಹೊಸ ಚಾಲ್‌ತೆಪೆ ಸೇರಿತು. ಸರ್ಕಾರ ಕಟ್ಟಿಸಿದ ಸಿಮೆಂಟು ಮನೆಗಳ ಸಾಲು. ಹಳೆಯ ಊರು ದಿಬ್ಬದ ಮೇಲಿತ್ತು. ಕೆಳಗೆ ಅಗೆಯಬೇಕೆಂದು ಇಪ್ಪತ್ತು ವರ್ಷದ ಹಿಂದೆ ಎಲ್ಲರನ್ನೂ ಒಕ್ಕಲೆಬ್ಬಿಸಿದ್ದರು. ಮೊದಲ ತಿರುವಿನಲ್ಲೇ ಡೋಲಿನ ಜತೆಗೆ ಧುಂ ಧುಂ ಎನ್ನುವ ಸದ್ದು ಕೇಳಿತು. ಯಾರೂ ಹೇಳದೆಯೇ ಜೆವ್ದೆತ್ ಜೀಪು ನಿಲ್ಲಿಸಿದ.

"ಚಿಕ್ಕವನಿದ್ದಾಗ ಈ ಸದ್ದು ಕೇಳಿದ್ರೆ ಸಾಕು ಸಾರ್, ಹಸಿವಾಗ್ತಿತ್ತು" ಎಂದು ಕಣ್ಣೊರೆಸಿಕೊಂಡ.

ಅಂಗಳದಲ್ಲಿ ಕಲ್ಲು ಕೂತಿತ್ತು. ನಾಲ್ವರು ಹುಡುಗರು ಮರದ ಕೊಡತಿ ಹಿಡಿದು ಮದುವೆಯೂಟದ ಗೋಧಿ ಕುಟ್ಟುತ್ತಿದ್ದರು. ಜೋಹ್ರೆ ಅಜ್ಜಿ ಪಕ್ಕದಲ್ಲೇ ಕೂತು ಕೈಯಿಂದ ಕಾಳು ತಿರುವುತ್ತಿದ್ದಳು.

"ಅಜ್ಜಿ, ನಿನ್ನನ್ನ ಹಿಡ್ಕೊಂಡು ಹೋಗೋಕೆ ಬಂದಿದೀನಿ" ಎಂದ ಹಿಕ್ಮೆತ್.

"ಹಿಡ್ಕೊಂಡು ಹೋಗು ಮಗನೇ. ಗೋಧಿ ಮುಗೀಲಿ."

"ಕಲ್ಲು ಎತ್ತಿದ್ದು ಯಾರು?"

"ನಾನೇ."

"ನಾಲ್ಕಾಳಿನ ಕಲ್ಲು!"

"ಅದರ ಮೇಲಿರೋ ರಾಜ ಇಳಿದು ಕೈ ಜೋಡಿಸ್ದ. ಬೇಕಾದ್ರೆ ಅವನನ್ನೇ ವಿಚಾರಿಸು." ಕೊಡತಿ ಹಿಡಿದ ನಾಲ್ವರೂ ಆಕಾಶ ನೋಡಿದರು.

"ಡಾಕ್ಟರಮ್ಮನ್ನ ಕೇಳಬಹುದಿತ್ತಲ್ಲ?"

"ಕೇಳ್ದೆ. ಮುಟ್ಟಬೇಡ ಅಂದ್ಲು. ನನ್ನ ಮದುವೆ ಗೋಧಿ ಇದರಲ್ಲೇ ಕುಟ್ಟಿದ್ದು, ನನ್ನ ಮಗಳದೂ ಇದರಲ್ಲೇ. ಅವಳು ಸಾಯೋವಾಗ, ಅಮ್ಮಾ, ನನ್ನ ಎಸ್ಮಾದೂ ಇದರಲ್ಲೇ ಕುಟ್ಟಿಸು ಅಂದ್ಲು. ಹೂಂ ಅಂದಿದ್ದೆ. ಸೋಮವಾರ ಹೋದ್ರೆ ಇದು ಗಾಜಿನ ಹಿಂದೆ. ಆಮೇಲೆ ಅವಳಿಗೆ ಯಾವ ಮುಖ ತೋರಿಸ್ಲಿ?"

ಹಿಕ್ಮೆತ್ ಜಪ್ತಿ ಪಂಚನಾಮೆ ಬರೆಯಲು ಕೂತ. ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ. ಅಂದು ಅದು ಕೊನೆಯ ಕಾಳಿನ ಹೊಟ್ಟು ಬಿಡುವ ತನಕ ನಡೆಯಿತು.

ಎರಡು ಗಂಟೆಗೆ ಬಂಧನ. ಮದುವಣಗಿತ್ತಿ ಎಸ್ಮಾ ಬಂದು ಅಜ್ಜಿಯ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡಳು. ಸಂಜೆಯೊಳಗೆ ಜಾಮೀನು ಸಿಗುವುದೆಂದು ಹಿಕ್ಮೆತ್ ಅವಳಿಗೆ ಮಾತು ಕೊಟ್ಟ.

ಠಾಣೆಯ ದಾರಿ ದಿಬ್ಬದ ಮಗ್ಗುಲಲ್ಲೇ ಹೋಗುತ್ತದೆ. ಅಜ್ಜಿ ಆಳವಾದ ಗುಂಡಿಯೊಂದರತ್ತ ಕೈ ತೋರಿಸಿದಳು.

"ಅಲ್ಲಿ ಹಿಟ್ಟೈಟರ ಅಡುಗೆಮನೆ ಸಿಕ್ತಂತೆ. ಒಲೆ, ಮಡಕೆ, ಸುಟ್ಟ ಕಾಳು. ಎಲ್ಲಾ ಅಳೆದು ಬರ್ಕೊಂಡ್ರು. ಅದರ ನೆತ್ತಿ ಮೇಲೇ ನನ್ನ ಅಡುಗೆಮನೆ ಇತ್ತು ಮಗನೇ. ಒಂದೇ ಮಧ್ಯಾಹ್ನದಲ್ಲಿ ಕೆಡವಿದ್ರು. ಯಾರೂ ಏನೂ ಬರ್ಕೊಳ್ಲಿಲ್ಲ."

ಹಿಕ್ಮೆತ್ ಜೀಪು ನಿಲ್ಲಿಸಲು ಹೇಳಿದ.

"ನಿನ್ನ ಒಲೆ ಯಾವ ಕಡೆ ಇತ್ತು, ಅಜ್ಜಿ?"

ಅಜ್ಜಿ ಇಳಿದಳು. ಮೊದಲು ತನ್ನ ಒಲೆಯ ಜಾಗ ತೋರಿಸಿದಳು. ಆಮೇಲೆ ಖಾಲಿ ಗಾಳಿಯಲ್ಲಿ ಬೆರಳಾಡಿಸುತ್ತ ಒಂದೊಂದೇ ಮನೆಯನ್ನು, ಅದರಲ್ಲಿದ್ದವರ ಹೆಸರು ಹಿಡಿದು ಹೇಳುತ್ತ ಹೋದಳು. ಜೆವ್ದೆತ್ ಬರೆದುಕೊಂಡ.