ನಾಲ್ಕನೇ ಟೇಪಿಗೆ ಒಂದು ಓಟು

ಮಾರ್ತಾ ಪೆಲ್ಟೋಲಳ ಮನೆಯಲ್ಲಿ ರೇಡಿಯೋ ಇರಲಿಲ್ಲ. ಟಿವಿ, ಟೇಪ್ ರೆಕಾರ್ಡರ್ ಯಾವುದೂ ಇರಲಿಲ್ಲ.

ಶುಕ್ರವಾರ ಸಂಜೆ ಕ್ರೇಗ್ ಇದನ್ನು ಇಡೀ ಸ್ಕೂಲ್ ಬಸ್ಸಿಗೆ ಕೇಳುವ ಹಾಗೆ ಹೇಳಿದ.

“ರೇಡಿಯೋನೇ ಇಲ್ದವಳಿಗೆ ಓಟು ಯಾಕೆ? ಕೈ ಕೆಳಗಿಳಿಸೇ.”

ಮಾರ್ತಾ ಕೈ ಇಳಿಸಲಿಲ್ಲ. “ನಾಲ್ಕನೇ ಟೇಪು,” ಎಂದಳು.

“ಅಯ್ಯೋ, ಮತ್ತೆ ನಾಲ್ಕನೇದಾ,” ಎಂದು ಹಿಂದಿನ ಸೀಟಿನಲ್ಲಿ ಯಾರೋ ನರಳಿದರು.

ಟೇಪುಗಳೆಲ್ಲ ಗಸ್ ನಟ್‌ಮೆಗ್ ಎಂಬ ಹಾಡುಗಾರನವು. ಬೇರೆಯವರ ಹಾಡಿನ ರಾಗವನ್ನು ಹಾಗೇ ಇಟ್ಟುಕೊಂಡು, ಮಾತು ಬದಲಿಸಿ ನಗಿಸುವುದು ಅವನ ಕಸುಬು. ಮೊದಲು ಬಸ್ಸಿನಲ್ಲಿ ರೇಡಿಯೋ ಹಾಕುತ್ತಿದ್ದರು. ಒಬ್ಬಳು ಪುಟ್ಟ ಹುಡುಗಿ ಅಲ್ಲಿ ಕಲಿತ ಹಾಡನ್ನು ಮನೆಯಲ್ಲಿ ಹಾಡಿದಳು. ಅವಳ ಅಮ್ಮ ಸ್ಕೂಲಿಗೆ ಬಂದು ಗಲಾಟೆ ಮಾಡಿದರು. ಅಂದಿನಿಂದ ಡ್ರೈವರ್ ವೆಯ್ನೊ ನಟ್‌ಮೆಗ್‌ನ ಟೇಪುಗಳನ್ನೇ ಹಾಕುತ್ತಿದ್ದರು. ಅವನು ಕೆಟ್ಟ ಮಾತು ಹಾಡುತ್ತಿರಲಿಲ್ಲ.

ಟೇಪುಗಳು ಐದು. ಮುಂದಿನ ವಾರ ಯಾವುದು ಎಂದು ಪ್ರತಿ ಶುಕ್ರವಾರ ಮಕ್ಕಳು ಕೈ ಎತ್ತಿ ಆರಿಸಬೇಕು.

ಕ್ರೇಗ್ ಆರನೇ ಕ್ಲಾಸು, ಮಾರ್ತಾಳಿಗಿಂತ ಒಂದು ಕ್ಲಾಸು ದೊಡ್ಡವನು. ಅವನ ಅಕ್ಕನ ಹತ್ತಿರ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ಇದ್ದವು. ಹಾಗಾಗಿ ಟೇಪುಗಳ ವಿಷಯದಲ್ಲಿ ಅವನದೇ ಕಾನೂನು.

“ನಟ್‌ಮೆಗ್ ಯಾವ ಹಾಡನ್ನ ಅಣಕ ಮಾಡೋಕೆ ಆರಿಸ್ಕೊಂಡ ಅಂತ ನೋಡ್ಬೇಕು. ಅಷ್ಟೇ. ಎರಡನೇ ಟೇಪಲ್ಲಿ ಏಳು ಸೂಪರ್ ಹಿಟ್ ಇವೆ, ಎಲ್ಲ ಕುಣಿಯೋ ಹಾಡು. ಐದನೇದ್ರಲ್ಲಿ ನಾಲ್ಕು. ನಿನ್ನ ನಾಲ್ಕನೇದ್ರಲ್ಲಿ ಎಷ್ಟು ಹೇಳು ನೋಡೋಣ?”

“ನಂಗೆ ಗೊತ್ತಿಲ್ಲ.”

“ಒಂದೂ ಇಲ್ಲ. ಎಲ್ಲ ಅಜ್ಜಿಯರು ಅಳ್ತಾ ಕೇಳೋ ಹಾಡು. ಅಸಲಿ ಹಾಡೇ ಕೇಳದೆ ಬೆಸ್ಟ್ ಅಂತ ಹೇಗೆ ಹೇಳ್ತೀಯಾ?”

ಅಸಲಿ ಹಾಡು. ಮಾರ್ತಾಳಿಗೆ ಆ ಮಾತೇ ವಿಚಿತ್ರವಾಗಿ ಕೇಳುತ್ತಿತ್ತು. ಅವಳಿಗೆ ನಟ್‌ಮೆಗ್‌ನ ಹಾಡುಗಳೇ ಅಸಲಿ. ಅದರಲ್ಲೂ ನಾಲ್ಕನೇ ಟೇಪಿನ ಕೈಗವಸಿನ ಹಾಡು. ಒಬ್ಬ ಮನುಷ್ಯ ಹಿಮ ಬೀಳುವ ಬೆಳಿಗ್ಗೆ ಬಲಗೈ ಕೈಗವಸು ಹುಡುಕುತ್ತಾನೆ. ಮಂಚದ ಕೆಳಗೆ, ಒಲೆಯ ಹಿಂದೆ, ನಾಯಿಯ ಬಾಯಲ್ಲಿ. ಕೊನೆಗೂ ಸಿಗುವುದಿಲ್ಲ. ಎಲ್ಲರೂ ನಗುತ್ತಿದ್ದರು. ಯಾಕೆ ನಗುತ್ತಾರೆ ಎಂದು ಮಾರ್ತಾಳಿಗೆ ಗೊತ್ತಾಗುತ್ತಿರಲಿಲ್ಲ. ಅವಳ ಮನೆಯಲ್ಲಿ ಹತ್ತು ಮಕ್ಕಳು, ಕೈಗವಸಿಗೆಲ್ಲ ಒಂದೇ ಡಬ್ಬ. ಕೊನೆಗೆ ಎದ್ದವರಿಗೆ ಎರಡೂ ಎಡಗೈಯವೇ. ಅದರಲ್ಲಿ ನಗುವುದು ಏನಿದೆ?

“ಸೋಮವಾರ ಅಕ್ಕನ ವಾಕ್‌ಮನ್ ತರ್ತೀನಿ,” ಎಂದ ಕ್ರೇಗ್. “ನಾಲ್ಕನೇದ್ರ ಹನ್ನೊಂದು ಹಾಡಿನ ಅಸಲಿಗಳನ್ನೂ ಕೇಳು. ಆಮೇಲೂ ಅದೇ ಬೆಸ್ಟ್ ಅಂದ್ರೆ ನಿನ್ನ ಓಟು ಎಣಿಸ್ತೀವಿ. ಕೇಳಲ್ಲ ಅಂದ್ರೆ ಇನ್ಮೇಲೆ ಓಟಿಲ್ಲ. ಸರಿ ಅನ್ನೋರು ಕೈ ಎತ್ರೋ.”

ಸುಮಾರು ಕೈಗಳು ಮೇಲೆದ್ದವು.

“ಮಿಸ್ಟರ್ ವೆಯ್ನೊ, ಹೀಗ್ ಮಾಡ್ಬಹುದಾ?” ಎಂದು ಮಾರ್ತಾ ಕೂಗಿ ಕೇಳಿದಳು.

“ಓಟಿನ ಜಗಳ ನಿಮ್ದು,” ಎಂದರು ವೆಯ್ನೊ, ರಸ್ತೆಯಿಂದ ಕಣ್ಣು ತೆಗೆಯದೆ. “ಈ ಹಿಮದಲ್ಲಿ ಬಸ್ ಓಡ್ಸೋದು ನನ್ನ ಜಗಳ.”

ಮಾರ್ತಾ ಹತ್ತು ಮಕ್ಕಳಲ್ಲಿ ಏಳನೆಯವಳು. ಅಕ್ಕಂದಿರಿಗೆ ಚಿಕ್ಕದಾದ ಕೋಟು ಹಾಕುತ್ತಿದ್ದಳು. ಬೆಂಚಿನಲ್ಲಿ ಉಳಿದ ಜಾಗದಲ್ಲಿ ಕೂತು ಉಣ್ಣುತ್ತಿದ್ದಳು. ನಿನಗೇನು ಬೇಕು ಎಂದು ಮನೆಯಲ್ಲಿ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಹಾಗೆ ಕೇಳುತ್ತಿದ್ದದ್ದು ಬಸ್ಸಿನಲ್ಲಿ ಮಾತ್ರ, ವಾರಕ್ಕೆ ಒಂದು ಸಲ.

ಆದರೆ ಅವರ ಚರ್ಚಿನವರು ರೇಡಿಯೋದಲ್ಲಿ ಬರುವಂಥ ಹಾಡು ಕೇಳುತ್ತಿರಲಿಲ್ಲ. ಅಮ್ಮ ಮೊದಲೇ ಹೇಳಿದ್ದಳು: “ಬಸ್ಸಲ್ಲಿ ತಾನಾಗಿ ಕಿವಿಗೆ ಬೀಳೋದನ್ನ ತಡೆಯೋಕಾಗಲ್ಲ. ನೀವಾಗಿ ಕಿವಿ ಕೊಡೋಕೆ ಹೋಗ್ಬೇಡಿ.”

ಸೋಮವಾರ ಕ್ರೇಗ್ ವಾಕ್‌ಮನ್ ಅನ್ನು ಅವಳ ತೊಡೆಯ ಮೇಲೆ ಹಾಕಿದ. ಒಂದನೇ ಕ್ಲಾಸಿನಲ್ಲಿದ್ದ ಅವಳ ತಮ್ಮ ಐಸಾಕ್ ಪಕ್ಕದಲ್ಲೇ ಕೂತಿದ್ದ.

“ಅಮ್ಮಂಗೆ ಹೇಳ್ತೀನಿ,” ಎಂದ.

“ನೀನ್ ಹೇಳ್ಬೇಡ. ನಾನೇ ಹೇಳ್ತೀನಿ.”

“ನಾನೇ ಮೊದಲು ಹೇಳೋದು.”

“ಸುಮ್ನೆ ಕೂತ್ಕೊಳ್ಳೋ.”

“ಯಾವುದ್ರಿಂದ ಶುರು ಮಾಡ್ಲಿ?” ಎಂದ ಕ್ರೇಗ್.

“ಗ್ಲೌಸ್ ಹಾಡು,” ಎಂದು ಮಾರ್ತಾ ಹೆಡ್‌ಫೋನ್ ಹಾಕಿಕೊಂಡಳು.

ಅದೇ ರಾಗ, ಆದರೆ ನಿಧಾನ. ಹಾಡುತ್ತಿದ್ದದ್ದು ಒಬ್ಬ ಹೆಂಗಸು. ಬೆಳಗಾಗಿದೆ, ಎರಡು ಲೋಟ ಕಾಫಿ ಮಾಡಿದ್ದೇನೆ, ಎದುರಿನ ಕುರ್ಚಿ ಖಾಲಿ ಇದೆ ಎಂದು ಹಾಡಿದಳು. ಗಂಡ ಗಣಿಗೆ ಇಳಿದವನು ಮೇಲೆ ಬಂದಿರಲಿಲ್ಲ. ನಟ್‌ಮೆಗ್ ಮಂಚದ ಕೆಳಗೆ ಬಗ್ಗುವ ಜಾಗದಲ್ಲಿ ಅವಳು ಬಾಗಿಲು ತೆಗೆದು ನೋಡುತ್ತಾಳೆ. ನಾಯಿಯ ಬಾಯಿ ಬರುವ ಜಾಗದಲ್ಲಿ ಏನನ್ನೂ ಹೇಳುವುದಿಲ್ಲ. ಅಲ್ಲಿ ಬರೀ ಪಿಯಾನೋ.

ಹಾಡು ಮುಗಿದ ಮೇಲೂ ಮಾರ್ತಾ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ಹೆಡ್‌ಫೋನ್ ತೆಗೆದು ಕೊಟ್ಟಳು.

“ಇನ್ನೂ ಹತ್ತಿವೆ,” ಎಂದ ಕ್ರೇಗ್.

“ಬೇಡ.”

“ಹನ್ನೊಂದು ಅಂತ ಮಾತಾಗಿತ್ತು.”

“ನೀನ್ ಮಾತಾಡ್ದೆ. ನಾನು ಹೂಂ ಅಂದಿಲ್ಲ.”

“ಹೆದರ್ಕೊಂಡ್ಯಾ?”

“ಹಾಗೇ ಅಂದ್ಕೋ. ಶುಕ್ರವಾರ ಕೈ ಎತ್ತೇ ಎತ್ತುತ್ತೀನಿ.”

ಸಂಜೆ ಐಸಾಕ್ ಬೂಟು ಬಿಚ್ಚುವ ಮೊದಲೇ ಅವಳು ಅಮ್ಮನಿಗೆ ಹೇಳಿಬಿಟ್ಟಳು. ಅಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಯಾರಾದ್ರೂ ಬಲವಂತ ಮಾಡಿದ್ರಾ?”

“ಇಲ್ಲ. ನಾನೇ ಹಾಕ್ಕೊಂಡೆ.”

“ತಪ್ಪಾಯ್ತು ಅನ್ಸುತ್ತಾ?”

ಮಾರ್ತಾ ಯೋಚಿಸಿದಳು. “ಇನ್ನೂ ಗೊತ್ತಾಗ್ತಿಲ್ಲ.”

“ಗೊತ್ತಾಗೋ ತನಕ ರಾತ್ರಿ ಪಾತ್ರೆ ನೀನೇ ತೊಳಿ,” ಎಂದಳು ಅಮ್ಮ. ಮನೆಯಲ್ಲಿ ಹನ್ನೆರಡು ಜನ.

ಶುಕ್ರವಾರ ಬಸ್ಸು ಸ್ಕೂಲಿನ ಗೇಟು ದಾಟುತ್ತಲೇ ಕ್ರೇಗ್ ಎದ್ದು ನಿಂತ. “ಇವಳು ಕೇಳಿದ್ದು ಒಂದೇ ಹಾಡು. ಓಟು ಕ್ಯಾನ್ಸಲ್.”

ಮಾರ್ತಾಳೂ ಎದ್ದಳು. ಪಾತ್ರೆ ತೊಳೆದು ಅವಳ ಕೈ ಕೆಂಪಗೆ ಒಡೆದಿತ್ತು.

“ಒಂದ್ರ ಬಗ್ಗೆನೇ ಮಾತಾಡ್ತೀನಿ. ನಟ್‌ಮೆಗ್ ಯಾವ ಹಾಡು ಆರಿಸ್ಕೊಂಡ ಅಂತ ನೋಡ್ಬೇಕು ಅಂದ್ಯಲ್ಲ? ನೋಡ್ದೆ. ನಿನ್ನ ಎರಡನೇದ್ರಲ್ಲಿ ಎಲ್ಲ ಕುಣಿಯೋ ಹಾಡು ಅಂತ ನೀನೇ ಹೇಳ್ತೀಯಾ. ಕುಣಿಯೋರನ್ನ ನಗ್ಸೋದು ಏನ್ ಮಹಾ. ಅಳೋ ಹಾಡನ್ನ ಆರಿಸ್ಕೊಂಡು ನಗಿಸ್ಲಿ ನೋಡೋಣ. ನಾಲ್ಕನೇದ್ರಲ್ಲಿ ಅದನ್ನೇ ಮಾಡಿದ್ದಾನೆ. ನೀವೂ ನಗ್ತೀರಲ್ಲ.”

“ನಾನು ನಗಲ್ಲ,” ಎಂದ ಕ್ರೇಗ್.

“ನಾಯಿ ಬಂದಾಗ ನಗ್ತೀಯಾ,” ಎಂದಳು ಮೂರನೇ ಸೀಟಿನ ಹುಡುಗಿ. “ಮೂಗಲ್ಲಿ ಹಾಲು ಬಂದಿತ್ತು ನಿಂಗೆ.”

ಬಸ್ಸೆಲ್ಲ ನಕ್ಕಿತು.

“ಕೂತ್ಕೊಳ್ರಿ ಎಲ್ಲ,” ಎಂದರು ವೆಯ್ನೊ. ರೈಲ್ವೆ ಗೇಟಿನ ಮುಂದೆ ಬಸ್ಸು ನಿಂತಿತ್ತು. ಅವರು ಕನ್ನಡಿಯಲ್ಲಿ ನೋಡಿದರು. “ಎಣಿಸೋದು ನಾನು. ನನ್ನ ಬಸ್ಸಲ್ಲಿ ಕೂತಿರೋ ಕೈಯೆಲ್ಲ ಕೈಯೇ. ಎರಡನೇದಕ್ಕೆ ಯಾರು?”

ಒಂಬತ್ತು.

“ನಾಲ್ಕನೇದಕ್ಕೆ?”

ಹನ್ನೆರಡು. ಮೂರು ವಾರದಿಂದ ಎರಡನೇ ಟೇಪನ್ನೇ ಕೇಳಿ ಬೇಸತ್ತವರೂ ಅದರಲ್ಲಿ ಸೇರಿದ್ದರು. ಮಾರ್ತಾ ಕೈಯನ್ನು ಎಲ್ಲರಿಗಿಂತ ಮೇಲೆ ಎತ್ತಿದ್ದಳು. ಕ್ರೇಗ್ ಕಿಟಕಿಯ ಕಡೆಗೆ ತಿರುಗಿ ಕೂತ.

ಸೋಮವಾರ ಬೆಳಿಗ್ಗೆ ವೆಯ್ನೊ ನಾಲ್ಕನೇ ಟೇಪು ಹಾಕಿದರು. ಮೂರು ಹಾಡಾದ ಮೇಲೆ ಕೈಗವಸಿನ ಹಾಡು ಬಂತು. ಮಂಚದ ಕೆಳಗೆ ಬಗ್ಗಿದಾಗ ಎಲ್ಲರೂ ನಕ್ಕರು. ನಾಯಿ ಬಂದಾಗ ಕ್ರೇಗ್ ಕೂಡ ನಕ್ಕ. ಅವರೆಲ್ಲ ಯಾಕೆ ನಗುತ್ತಾರೆ ಎಂದು ಮಾರ್ತಾಳಿಗೆ ಈಗ ಗೊತ್ತಿತ್ತು. ಐಸಾಕ್ ಅವಳ ಮುಖ ನೋಡಿದ.

“ನಿಂಗಿಷ್ಟದ ಹಾಡು ಬಂತಲ್ಲ. ಹಾಡಲ್ವಾ?”

ಅವಳು ಬಾಯಿ ತೆರೆದಳು. ಕೈಗವಸು ಹುಡುಕುವ ಮನುಷ್ಯನಿಗಾಗಿ ಕಾದಳು. ಬಂದವಳು ಎರಡು ಲೋಟ ಕಾಫಿ ಮಾಡಿದ ಹೆಂಗಸು. ಮಾರ್ತಾ ಎಷ್ಟು ಪ್ರಯತ್ನಪಟ್ಟರೂ ಆ ಹೆಂಗಸು ಕಣ್ಣ ಮುಂದಿನಿಂದ ಎದ್ದು ಹೋಗಲಿಲ್ಲ.

“ಹಾಡಲ್ಲ,” ಎಂದಳು ಮಾರ್ತಾ.

ನಾಲ್ಕನೇ ಟೇಪಿನಲ್ಲಿ ಅವಳವು ಹನ್ನೊಂದು ಹಾಡುಗಳಿದ್ದವು. ಈಗ ಹತ್ತು.