ಏಳನೇ ಶನಿವಾರದ ತಪಾಸಣೆ

ಬೆಕ್ಕು ಬೇಕೆಂದು ಪ್ರಾಣಿಗಳ ಶೆಲ್ಟರ್‌ಗೆ ಬಂದವನ ಮುಖ ನೋಡಿದ್ದೇ ತಡ, ಅವಳ ಕೈಯ ಪೆನ್ನು ನಿಂತಿತು. ಎರಡು ವರ್ಷದ ಹಿಂದೆ, ಮದುವೆಗೆ ಒಂಬತ್ತೇ ದಿನ ಇರುವಾಗ ಕೈಕೊಟ್ಟವನು. ಅದನ್ನಾದರೂ ತಾನೇ ಹೇಳಿದ್ದನೇ? ಭಾವನ ಕೈಲಿ ಅವಳ ಅಮ್ಮನಿಗೆ ಫೋನ್ ಮಾಡಿಸಿದ್ದ.

"ನೀನು... ಇಲ್ಲಿ ಕೆಲಸ ಮಾಡ್ತೀಯಾ?"

"ನೀವು ಅನ್ನಿ. ಹೆಸರು, ವಿಳಾಸ, ಕೆಲಸ ಬರೀರಿ."

"ಎಲ್ಲಾ ಗೊತ್ತಲ್ವಾ ನಿನಗೆ?"

"ಗೊತ್ತು ಅಂದ್ಕೊಂಡಿದ್ದೆ."

ಅವನು ತಲೆ ತಗ್ಗಿಸಿ 'ಗಡಿಯಾರ ರಿಪೇರಿ' ಎಂದು ಬರೆದ. ಆ ಉದ್ದನೆಯ ಬೆರಳುಗಳ ಮೇಲೆ ಅವಳ ಕಣ್ಣು ಹೋಯಿತು. ಹೋಗಿದ್ದಕ್ಕೆ ತನ್ನ ಕಣ್ಣಿನ ಮೇಲೇ ಸಿಟ್ಟು ಬಂತು.

ಶೆಲ್ಟರ್‌ನಲ್ಲೊಂದು ಬೂದು ಬೆಕ್ಕಿತ್ತು. ಎಲ್ಲರೂ ಅದನ್ನು 'ಅತ್ತೆ' ಎನ್ನುತ್ತಿದ್ದರು. ಮೂರು ಮನೆಯವರು ಕರೆದೊಯ್ದು, ಪರಚಿಸಿಕೊಂಡು, ವಾರದೊಳಗೆ ವಾಪಸ್ ತಂದಿದ್ದರು. ಇವನೂ ತರುತ್ತಾನೆ. ಇದೇ ಮೇಜಿನ ಮುಂದೆ ನಿಂತು, ತನ್ನ ಬಾಯಿಂದಲೇ 'ನನ್ನ ಕೈಲಾಗಲ್ಲ' ಎನ್ನುತ್ತಾನೆ. ಆ ಮಾತನ್ನು ಕಿವಿಯಾರೆ ಕೇಳದೆ ಅವಳ ಹೊಟ್ಟೆ ತಣ್ಣಗಾಗುವಂತಿರಲಿಲ್ಲ.

"ತುಂಬಾ ಸಾಧು ಇದು," ಎಂದು ಬುಟ್ಟಿಯನ್ನು ಅವನ ಕೈಗಿಟ್ಟಳು. ಬೆಕ್ಕಿನ ಹತ್ತಿರ ಮಾತ್ರ ಮನಸ್ಸಿನಲ್ಲೇ ಕ್ಷಮೆ ಕೇಳಿದಳು.

ಬೆಕ್ಕು ಕೊಟ್ಟ ಮೇಲೆ ಶನಿವಾರಕ್ಕೊಮ್ಮೆ ಆ ಮನೆಗೆ ಹೋಗಿ ತಪಾಸಣೆ ಮಾಡುವುದು ಶೆಲ್ಟರ್‌ನ ನಿಯಮ. ಮೊದಲ ಶನಿವಾರ ಬಾಗಿಲು ತೆರೆದವನ ಎರಡೂ ಕೈ ತುಂಬ ಗೀರು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ವಾಪಸ್ ತರ್ತೀರಾ? ಮೂರು ಮನೆಯವರು ತಂದಿದ್ದಾರೆ. ನಾಚಿಕೆ ಪಡೋದೇನಿಲ್ಲ."

"ನಾಚಿಕೆ ಪಡೋದು ನನಗಿದೆ," ಎಂದ ಅವನು.

ಎರಡನೇ ವಾರ ಪರದೆ ಹರಿದಿತ್ತು. ಮೂರನೇ ವಾರ ಯಾರದೋ ಗೋಡೆ ಗಡಿಯಾರ ನೆಲಕ್ಕೆ ಬಿದ್ದಿತ್ತು. ನಾಲ್ಕನೇ ವಾರ ನೋಡಿದರೆ ಅತ್ತೆ ಅವನ ತೊಡೆಯ ಮೇಲೆ ಗೊರಕೆ ಹೊಡೆಯುತ್ತಿದೆ!

"ಮನೆಮುರುಕಿ, ನೀನೂ ಅವನ ಕಡೆಯಾ?" ಎಂದು ಹಲ್ಲು ಕಡಿದಳು. ಸುಮ್ಮನೆ ಬಿಡುವಳೇ? ಕಿಟಕಿಗೆ ಜಾಲರಿ ಇಲ್ಲ ಎಂದಳು. ಅವನು ಹಾಕಿಸಿದ. ಮುಂದಿನ ವಾರ ನೀರಿನ ಬಟ್ಟಲು ಚಿಕ್ಕದು ಎಂದಳು. ಅದರ ಮುಂದಿನ ವಾರ ಬಟ್ಟಲು ದೊಡ್ಡದಾಯಿತು ಎಂದಳು. ಪ್ರತಿ ಸಲವೂ ತನಗೊಪ್ಪುವ ಹಸಿರು ಅಂಗಿಯನ್ನು ಇಸ್ತ್ರಿ ಮಾಡಿ ತೊಟ್ಟು ಬರುವುದನ್ನು ಮಾತ್ರ ಅವಳು ಮರೆಯಲಿಲ್ಲ.

ಏಳನೇ ಶನಿವಾರ ಅವನು ಮೆಲ್ಲಗೆ ಹೇಳಿದ, "ತಪಾಸಣೆ ನಾಲ್ಕೇ ಸಲ ಅಂತೆ. ನಿಮ್ಮ ಶೆಲ್ಟರ್‌ನ ಡಾಕ್ಟರಮ್ಮ ಹೇಳಿದ್ರು."

ಅವಳ ಕಿವಿ ಬಿಸಿಯಾಯಿತು. "ಯಾವಾಗ?"

"ಮೂರು ವಾರ ಆಯ್ತು. ಹೇಳಿದ್ರೆ ನೀನು ಬರಲ್ಲ ಅಂತ ಸುಮ್ಮನಿದ್ದೆ."

"ಮತ್ತೆ ಈಗ್ಯಾಕೆ ಹೇಳ್ದೆ?"

"ಇದೂ ಹೇಡಿತನ ಅನ್ನಿಸ್ತು. ಅವತ್ತು ಹೆದರಿ ಓಡಿಹೋದೆ, ಬೇರೆ ಕಾರಣ ಏನೂ ಇಲ್ಲ. ಆದ್ರೆ ನಿನ್ನನ್ನ ಪ್ರೀತಿಸೋದು ನಿಲ್ಲಲಿಲ್ಲ."

ಅವಳ ಎದೆ ಕರಗಿತು. ಕರಗಿದರೂ ಹಟ ಬಿಡಲಿಲ್ಲ. "ಅಮ್ಮನಿಗೆ ಫೋನ್ ಮಾಡು. ಅವತ್ತು ಹೇಳಬೇಕಾಗಿದ್ದನ್ನ ನಿನ್ನ ಬಾಯಿಂದ ಹೇಳು. ಸ್ಪೀಕರ್ ಹಾಕು."

ಅವನು ಮಾಡಿದ. ತಪ್ಪು ನನ್ನದೇ ಅಮ್ಮಾ ಎಂದು ಮುಗಿಸುವಷ್ಟರಲ್ಲಿ ಆ ಕಡೆ ಕಟ್ಟೆ ಒಡೆಯಿತು.

"ಅವತ್ತು ನಿನ್ನ ನಾಲಿಗೆ ಬಿದ್ದುಹೋಗಿತ್ತೇನೋ? ಭಾವನ ಬಾಯಿ ಬಾಡಿಗೆಗೆ ತಂದ್ಯಾ? ನನ್ನ ಮಗಳು ಮೂರು ತಿಂಗಳು ತಟ್ಟೆ ಮುಂದೆ ಕೂತು ಅತ್ತಳಲ್ಲೋ!"

ಹತ್ತು ನಿಮಿಷ ಅಮ್ಮ ಅವನ ನೀರಿಳಿಸಿದಳು. ಅವನು ಒಂದು ನೆಪವನ್ನೂ ಹೇಳದೆ, ಕಣ್ಣು ತುಂಬಿಕೊಂಡು ನಿಂತೇ ಕೇಳಿದ. ಅವಳು ಗೋಡೆಗೊರಗಿ ಒಂದೊಂದು ಮಾತನ್ನೂ ಸವಿದಳು. ಸೇಡು ಸಿಹಿಯಾಗಿಯೇ ಇತ್ತು.

ಕೊನೆಗೆ ಅಮ್ಮ ಉಸಿರು ತೆಗೆದುಕೊಂಡಳು. "ಅಲ್ಲಾ, ಇಷ್ಟು ದಿನ ಇಲ್ಲದ್ದು ಇವತ್ತು ಯಾರು ಹೇಳಿಸಿದ್ದು?"

"ನಿಮ್ಮ ಮಗಳು. ಇಲ್ಲೇ ಇದ್ದಾಳೆ."

"ನಿನ್ನ ಮನೇಲಿ ಅವಳಿಗೇನು ಕೆಲಸ?"

ಅವನು ಫೋನನ್ನು ಅವಳ ಮುಂದೆ ಹಿಡಿದ. ಆ ಕಣ್ಣುಗಳಲ್ಲಿ ಆಸೆಗಿಂತ ಭಯವೇ ಹೆಚ್ಚಿತ್ತು. ಬೇಕೆಂದೇ ಆ ಭಯವನ್ನು ಸಾಕಷ್ಟು ಹೊತ್ತು ನೋಡಿದಳು.

"ಅಮ್ಮಾ, ರಾತ್ರಿ ನನಗೆ ಅಡುಗೆ ಮಾಡಬೇಡ. ಇಲ್ಲೇ ಊಟ ಮಾಡ್ಕೊಂಡು ಬರ್ತೀನಿ."