ಅಪ್ಪನ ಭಾಷಣ, ಅಮ್ಮನ ರಜೆ

“ನಮ್ಮ ಮನೇಲಿ ಟಿಫನ್ ಬಾಕ್ಸ್ ರೆಡಿ ಮಾಡೋದು ನಮ್ಮಪ್ಪ, ಟೀಚರ್.”

ಮಾತು ಬಾಯಿಂದ ಹೊರಬಿದ್ದ ಮೇಲೆ ಚೂಟಿಗೇ ಆಶ್ಚರ್ಯವಾಯಿತು. ಇಡೀ ಕ್ಲಾಸು ತಿರುಗಿ ಅವಳನ್ನು ನೋಡಿತು.

ಅದುವರೆಗೂ ಕ್ಲಾಸಿನಲ್ಲಿ ಒಂದೇ ರಾಗ ನಡೆದಿತ್ತು. ಮನೆಯಲ್ಲಿ ಅಡುಗೆ ಮಾಡೋದು ಯಾರು ಎಂದು ಟೀಚರ್ ಕೇಳಿದರೆ, ಅಮ್ಮ. ಬಟ್ಟೆ ಒಗೆಯೋದು? ಅಮ್ಮ. ಪಾತ್ರೆ? ಅಮ್ಮ. ಯಾರ ಅಮ್ಮ ಹೊರಗೆ ಕೆಲಸಕ್ಕೆ ಹೋಗುತ್ತಾರೋ ಅವರು ಕೈ ಎತ್ತಿ ಎಂದಾಗ ಅರ್ಧ ಕ್ಲಾಸು ಕೈ ಎತ್ತಿತು. ಅವರ ಮನೆಯಲ್ಲೂ ಅಮ್ಮನೇ.

ಟೀಚರ್ ಮುಖ ಬಾಡಿತು. “ಒಬ್ಬರ ಮನೇಲೂ ಅಪ್ಪ ಏನೂ ಮಾಡಲ್ವೇನ್ರೋ?” ಅಂದರು.

ಯಾರಾದರೂ ಪ್ರಶ್ನೆ ಕೇಳಿ, ಎಲ್ಲರೂ ಸುಮ್ಮನೆ ಕೂತರೆ ಚೂಟಿಯ ನಾಲಿಗೆ ತುರಿಸುತ್ತದೆ. ಅವಳಿಗೆ ಆ ಹೆಸರು ಅಂಟಿಕೊಂಡಿದ್ದೇ ಹಾಗೆ.

ಅವಳು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅವಳ ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆದು ಪರೀಕ್ಷೆ ಮಾಡುತ್ತಾಳೆ. ಅವತ್ತು ಬೆಳಿಗ್ಗೆ ಜೊತೆ ಕೆಲಸದವರು ಯಾರೋ ಬಾರದೆ ಅಮ್ಮ ಬೇಗ ಓಡಬೇಕಾಯಿತು. ಹಾಗಾಗಿ ಅಪ್ಪನೇ ಬ್ರೆಡ್ಡಿಗೆ ಬೆಣ್ಣೆ ಸವರಿ ಬಾಕ್ಸಿಗೆ ತುಂಬಿದ್ದ. ಬೆಣ್ಣೆ ಸವರಿದ ಚಮಚವನ್ನೂ ಅದರೊಳಗೇ ತುಂಬಿದ್ದ. ಆ ವಿಷಯ ಚೂಟಿ ಹೇಳಲಿಲ್ಲ.

“ದಿನಾನಾ?” ಟೀಚರ್ ಕೇಳಿದರು. ಅವರ ಮುಖ ಬಲ್ಬಿನ ಹಾಗೆ ಬೆಳಗುತ್ತಿತ್ತು.

ಇಷ್ಟು ಖುಷಿಯಾಗಿರುವವರಿಗೆ ಇಲ್ಲ ಅನ್ನುವುದು ಹೇಗೆ?

“ಹೂಂ, ದಿನಾ,” ಅಂದಳು ಚೂಟಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಪಾತ್ರೇನೂ ತೊಳೀತಾರೆ.”

“ಹಾಗಾದ್ರೆ ಶನಿವಾರ ಪೇರೆಂಟ್ಸ್ ಮೀಟಿಂಗಲ್ಲಿ ನಿಮ್ಮಪ್ಪನೇ ಎರಡು ಮಾತಾಡ್ಲಿ. ಉಳಿದ ಅಪ್ಪಂದಿರೂ ಕೇಳಿಸ್ಕೊಳ್ಳಲಿ.”

ಸುಳ್ಳಿಗೆ ನಾಲಿಗೆ ಒಂದಿದ್ದರೆ ಸಾಕು. ಆದರೆ ಚೂಟಿಯ ಸುಳ್ಳಿಗೆ ಕಾಲೂ ಬಂದಿತ್ತು. ಅದು ಅವಳಿಗಿಂತ ಮೊದಲೇ ಮನೆ ಸೇರಿತ್ತು. ಟೀಚರ್ ಅಪ್ಪನಿಗೆ ಫೋನ್ ಮಾಡಿಬಿಟ್ಟಿದ್ದರು.

ಚೂಟಿಯ ಅಪ್ಪ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು “ಕ್ಲಚ್ ಒತ್ತಿ, ಕನ್ನಡಿ ನೋಡಿ, ನಿಧಾನ” ಅನ್ನುವುದು ಅವನ ಕೆಲಸ. ಮನೆಗೆ ಬಂದರೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ಅಮ್ಮ ಒಲೆಯ ಮುಂದೆ ನಿಂತಿದ್ದರೆ ಸೋಫಾದಿಂದಲೇ “ಉರಿ ಸಣ್ಣ ಮಾಡು, ತಳ ಹಿಡಿಯುತ್ತೆ” ಅನ್ನುತ್ತಿದ್ದ. ಹಾಗಂತ ಕೆಟ್ಟವನಲ್ಲ. ತಾನು ಮನೆಗೆಲಸದಲ್ಲಿ ಕೈ ಜೋಡಿಸುತ್ತಿದ್ದೇನೆ ಎಂದೇ ಅವನು ನಂಬಿದ್ದ.

“ನೋಡಿದ್ಯಾ, ಸ್ಕೂಲಿನವರು ನನ್ನ ಗುರುತಿಸಿದ್ದಾರೆ,” ಅಂದ ಸಂಜೆ, ಅಮ್ಮನಿಗೆ.

ಅಮ್ಮ ಒಣಗಿದ ಬಟ್ಟೆಗಳ ರಾಶಿಯ ಮುಂದೆ ಕೂತು ಮಡಿಸುತ್ತಿದ್ದಳು. ಈಗ ಅಮ್ಮ ಬಿದ್ದು ಬಿದ್ದು ನಗುತ್ತಾಳೆ, “ನೀವಾ?” ಅನ್ನುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ಚೂಟಿ ಕಾದಳು.

ಅಮ್ಮ ಒಂಟಿ ಕಾಲುಚೀಲಕ್ಕೆ ಜೋಡಿ ಹುಡುಕಿದಳು. ಒಮ್ಮೆ ಚೂಟಿಯ ಮುಖ ನೋಡಿದಳು. ಆಮೇಲೆ, “ಹೋಗಿ ಬನ್ನಿ. ಚೆನ್ನಾಗಿ ಮಾತಾಡಿ,” ಅಂದಳು.

“ನೀನೂ ಬರಬೇಕು ಕಣೇ. ನಾನು ಮಾತಾಡೋವಾಗ ನೀನೇ ಇಲ್ದಿದ್ರೆ ಹೇಗೆ?”

“ಶನಿವಾರ ನನಗೆ ಡ್ಯೂಟಿ ಇದೆ.”

“ಯಾರ ಹತ್ರಾದ್ರೂ ಬದಲಾಯಿಸ್ಕೊ.”

ಅಮ್ಮ ಬದಲಾಯಿಸಿಕೊಂಡಳು. ಶನಿವಾರದ ಡ್ಯೂಟಿ ಭಾನುವಾರಕ್ಕೆ ಹೋಯಿತು. ಅಪ್ಪ ಎಷ್ಟು ಕೆಲಸ ಮಾಡುತ್ತಾನೆ ಎಂದು ಕೇಳುವುದಕ್ಕಾಗಿ ಅಮ್ಮನ ವಾರದ ರಜೆ ಹೋಯಿತು.

ಇದೆಲ್ಲ ತನ್ನಿಂದಲೇ ಆದದ್ದು ಎಂದು ಚೂಟಿಗೆ ಗೊತ್ತಿತ್ತು. ಆದರೆ ಅವಳು ಸುಮ್ಮನೆ ಅಳುತ್ತ ಕೂರುವವಳಲ್ಲ. ಹೇಳಿದ ಸುಳ್ಳನ್ನು ನುಂಗಲು ಆಗದಿದ್ದರೆ ಅದನ್ನು ನಿಜ ಮಾಡಿಬಿಟ್ಟರಾಯಿತು. ಶನಿವಾರಕ್ಕೆ ಇನ್ನೂ ಸಮಯವಿತ್ತು.

“ಅಪ್ಪಾ, ಪ್ರಾಕ್ಟೀಸ್ ಮಾಡ್ಬೇಕು ನೀನು.”

“ಭಾಷಣನಾ? ನನಗ್ಯಾಕೆ ಪ್ರಾಕ್ಟೀಸು. ಮೈಕ್ ಕೊಟ್ರೆ ಸಾಕು.”

“ಭಾಷಣ ಅಲ್ಲ. ಪಾತ್ರೆ.”

ಅಪ್ಪ ನಕ್ಕ. ಆದರೂ ಶರ್ಟಿನ ತೋಳು ಮಡಿಸಿಕೊಂಡು ಸಿಂಕಿನ ಮುಂದೆ ನಿಂತ. ಚೂಟಿ ಅಡುಗೆಮನೆಯ ಸ್ಟೂಲಿನ ಮೇಲೆ ಹತ್ತಿ ಕೂತಳು.

“ಲೋಟ ಮೊದಲು. ಬಾಣಲೆ ಕೊನೆಗೆ. ಅಷ್ಟು ಸೋಪ್ ಹಾಕ್ಬೇಡ. ಅಪ್ಪಾ, ಹಿಂದುಗಡೆ ಉಜ್ಜಿಲ್ಲ.”

“ನಿನಗೆ ಇದೆಲ್ಲ ಯಾರೇ ಹೇಳ್ಕೊಟ್ಟಿದ್ದು?”

“ನೋಡಿದ್ರೆ ಗೊತ್ತಾಗುತ್ತೆ,” ಅಂದಳು ಚೂಟಿ, ಕಾಲು ಆಡಿಸುತ್ತ.

ಪಾತ್ರೆಗಳು ತೊಳೆದು ಮುಗಿದಾಗ ಅಡುಗೆಮನೆಯ ನೆಲ ಒದ್ದೆ, ಗೋಡೆ ಒದ್ದೆ, ಅಪ್ಪನ ಶರ್ಟು ಒದ್ದೆ. ಅಪ್ಪ ಯುದ್ಧ ಗೆದ್ದವನ ಹಾಗೆ ಹೊರಗೆ ಹೋದ. ಅಮ್ಮ ಒಳಗೆ ಬಂದು ನೆಲ ಒರೆಸಿದಳು, ಗೋಡೆ ಒರೆಸಿದಳು, ಶರ್ಟನ್ನು ಬಕೆಟ್ಟಿಗೆ ಹಾಕಿದಳು. ಬಾಣಲೆಯನ್ನು ಯಾರಿಗೂ ಕಾಣದ ಹಾಗೆ ಇನ್ನೊಂದು ಸಲ ತೊಳೆದಳು.

ಮಾರನೇ ದಿನ ಬೆಳಗಿನ ತಿಂಡಿಯ ಪ್ರಾಕ್ಟೀಸು.

“ಸಕ್ಕರೆ ಎಲ್ಲಿದೆ?” ಒಲೆಯ ಮುಂದಿನಿಂದ ಅಪ್ಪ ಕೂಗಿದ.

“ಉಪ್ಪು ಅಂತ ಬರೆದಿರೋ ಡಬ್ಬೀಲಿ,” ತಲೆ ಬಾಚುತ್ತಿದ್ದ ಅಮ್ಮ ಕೋಣೆಯಿಂದ ಹೇಳಿದಳು.

“ಮತ್ತೆ ಉಪ್ಪು?”

“ಅದರ ಪಕ್ಕದ ಡಬ್ಬಿ. ಅದರ ಮೇಲೆ ಏನೂ ಬರೆದಿಲ್ಲ.”

“ಇದೆಂಥ ವ್ಯವಸ್ಥೆ? ಹೊಸಬರು ಬಂದ್ರೆ ಗೊತ್ತಾಗೋದು ಹೇಗೆ?”

“ಇಷ್ಟು ವರ್ಷ ಹೊಸಬರು ಯಾರೂ ಬಂದಿರಲಿಲ್ಲ,” ಅಂದಳು ಅಮ್ಮ.

ಡಬ್ಬಿಗಳ ವ್ಯವಸ್ಥೆಯ ಬಗ್ಗೆ ಅಪ್ಪ ಯೋಚಿಸುತ್ತಿರುವಾಗ ಹಾಲು ಉಕ್ಕಿತು. ಒಲೆಯ ಮೇಲೆ, ಒಲೆಯ ಕೆಳಗೆ, ಅಲ್ಲಿಂದ ಕಪಾಟಿನೊಳಗೆ. ಅಮ್ಮ ಅರ್ಧ ಬಾಚಿದ ತಲೆಯಲ್ಲೇ ಬಂದು ಬಟ್ಟೆ ಹಿಡಿದು ಕೂತಳು. ಅವಳ ಬಸ್ಸು ಹೊರಟುಹೋಯಿತು.

ಸಂಜೆ ಬಂದಾಗ ಅಮ್ಮನ ಮುಖ ಸೋತಿತ್ತು. “ಲ್ಯಾಬಲ್ಲಿ ಬೈದ್ರಾ?” ಚೂಟಿ ಮೆಲ್ಲಗೆ ಕೇಳಿದಳು.

“ಬೈಯೋದೇನು, ನ್ಯಾಯವೇ ಅಲ್ವಾ. ಜನ ಖಾಲಿ ಹೊಟ್ಟೇಲಿ ರಕ್ತ ಕೊಡೋಕೆ ಬಂದು ಕೂತಿದ್ರು. ವಯಸ್ಸಾದವರೊಬ್ಬರಿಗೆ ತಲೆ ಸುತ್ತು ಬಂತು. ಯಾಕೆ ಲೇಟು ಅಂತ ಡಾಕ್ಟರ್ ಕೇಳಿದ್ರು.”

“ಏನಂದೆ?”

“ನಮ್ಮ ಮನೆಯವರು ಕೆಲಸಕ್ಕೆ ಸಹಾಯ ಮಾಡ್ತಿದ್ರು, ಅದಕ್ಕೆ ಲೇಟಾಯ್ತು ಅಂದೆ.” ಅಮ್ಮ ಚಪ್ಪಲಿ ಬಿಚ್ಚಿದಳು. “ಅವರು ನಂಬಲಿಲ್ಲ.”

ಅಲ್ಲಿಗೆ ಪ್ರಾಕ್ಟೀಸು ನಿಂತಿತು. ಅಮ್ಮನೇ ಬೇಡ ಅಂದಳು. “ಭಾಷಣ ಮುಗಿಯೋವರೆಗೆ ಯಾರೂ ಸಹಾಯ ಮಾಡ್ಬೇಡಿ. ನನಗೆ ಪುರುಸೊತ್ತಿಲ್ಲ.”

ಮೀಟಿಂಗಿನ ಹಿಂದಿನ ಸಂಜೆ ಅಮ್ಮ ಅಪ್ಪನ ಶರ್ಟಿಗೆ ಇಸ್ತ್ರಿ ಮಾಡುತ್ತಿದ್ದಳು. ಅಪ್ಪ ಎದುರಿಗೆ ಕೂತು, “ಒಂದು ಮನೇಲಿ ಏನೇನು ಕೆಲಸ ಇರುತ್ತೆ, ಸ್ವಲ್ಪ ಹೇಳು. ಮಾತಿನ ಮಧ್ಯೆ ಬೇಕಾಗುತ್ತೆ,” ಅಂದ. ಅಮ್ಮ ಕಾಲರ್ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತ ಹೇಳುತ್ತಾ ಹೋದಳು. ಹೇಳಿದಳು, ಹೇಳಿದಳು. ತೋಳು ಮುಗಿದು ಬೆನ್ನಿಗೆ ಬಂದರೂ ಹೇಳುತ್ತಲೇ ಇದ್ದಳು.

“ದಿಂಬಿನ ಕವರನ್ನೂ ಒಗೀಬೇಕಾ?” ಅಪ್ಪ ನಡುವೆ ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಚೂಟಿ ಅಮ್ಮನ ಕಡೆ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

ಶನಿವಾರ ಸ್ಕೂಲಿನ ಹಾಲ್ ತುಂಬಿತ್ತು. ಅಪ್ಪ ಮೈಕ್ ಹಿಡಿದ ರೀತಿಗೇ ಜನ ನಿಶ್ಶಬ್ದರಾದರು. ಮಾತಿನಲ್ಲಿ ಅಪ್ಪನನ್ನು ಮೀರಿಸುವವರಿಲ್ಲ.

“ನಮ್ಮ ಮನೇಲಿ ನಾವು ಯಾವ ಕೆಲಸಾನೂ ಚಿಕ್ಕದು ಅಂದ್ಕೊಳ್ಳಲ್ಲ,” ಅಂದ. “ಬೆಳಿಗ್ಗೆ ಎದ್ದು ಟಿಫನ್ ಮಾಡ್ತೀವಿ. ಬಟ್ಟೆ ಒಗೀತೀವಿ. ದಿಂಬಿನ ಕವರನ್ನೂ ಮರೆಯಲ್ಲ.”

ನಾವು ಅನ್ನುವುದು ಎಷ್ಟು ಒಳ್ಳೆಯ ಮಾತು ಎಂದು ಚೂಟಿಗೆ ಅನ್ನಿಸಿತು. ಅದರೊಳಗೆ ಯಾರು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು. ಮುಂದಿನ ಸಾಲಿನ ಟೀಚರ್ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪನ ಮೇಲೆ ಚೂಟಿಗೆ ಸಿಟ್ಟು ಬಂತು. ಮಾಡದ ಕೆಲಸಕ್ಕೆ ಇಷ್ಟು ಚಪ್ಪಾಳೆ ತಗೊಳ್ತಾನಲ್ಲ, ಸ್ವಲ್ಪಾನೂ ನಾಚಿಕೆ ಇಲ್ಲ.

“ಇದರಲ್ಲಿ ನನ್ನ ಮಗಳನ್ನ ಮರೆಯೋ ಹಾಗಿಲ್ಲ,” ಅಂದ ಅಪ್ಪ. “ಮನೆಗೆಲಸದಲ್ಲಿ ಅವಳದ್ದು ಎತ್ತಿದ ಕೈ. ನನಗೆ ಹೇಳಿಕೊಟ್ಟವಳೇ ಅವಳು. ಎದ್ದು ನಿಲ್ಲಮ್ಮ.”

ಚೂಟಿ ಎದ್ದು ನಿಂತಳು. ಹಾಲ್ ತುಂಬ ಚಪ್ಪಾಳೆ. ಕೈಕಾಲು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ತಾನು ತೊಳೆದ ಒಂದೇ ಒಂದು ಲೋಟವಾದರೂ ನೆನಪಾಗುತ್ತದೆಯೇ ಎಂದು ತಲೆಯೊಳಗೆ ಹುಡುಕಿದಳು. ನೆನಪಾದದ್ದು ಬರೀ ಸ್ಟೂಲು. ಆದರೂ ಬಾಯಿ ತಾನಾಗಿ ನಕ್ಕಿತು, ಥೇಟ್ ಅಪ್ಪನ ಹಾಗೆ.

ಅಷ್ಟರಲ್ಲಿ ಮಧ್ಯದ ಸಾಲಿನಿಂದ ಯಾರದೋ ಅಮ್ಮ ಎದ್ದರು. “ಬಹಳ ಚೆನ್ನಾಗಿ ಹೇಳಿದ್ರಿ. ಒಂದು ಸಂದೇಹ. ಯೂನಿಫಾರ್ಮ್ ಮೇಲೆ ಇಂಕ್ ಬಿದ್ದರೆ ಎಷ್ಟು ಉಜ್ಜಿದ್ರೂ ಹೋಗಲ್ಲ. ನೀವು ಹೇಗೆ ತೆಗೀತೀರಿ?”

ಅಪ್ಪ ಚೂಟಿಯನ್ನು ನೋಡಿದ. ಚೂಟಿ ಅಪ್ಪನನ್ನು ನೋಡಿದಳು. ಆಮೇಲೆ ಇಬ್ಬರೂ ಕೊನೆಯ ಸಾಲಿನ ಕಡೆ ತಿರುಗಿದರು.

ಕೊನೆಯ ಸಾಲಿನಲ್ಲಿ ಅಮ್ಮ ನಿದ್ದೆ ಹೋಗಿದ್ದಳು. ಗೋಡೆಗೆ ತಲೆ ಆನಿಸಿ, ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಯಿ ಸ್ವಲ್ಪ ತೆರೆದು.

“ಅದು,” ಅಂದ ಅಪ್ಪ. ಮೈಕ್ ಕೊಯ್ಯ್ ಅಂದಿತು. “ಅದನ್ನ ಸಂಜೆ ಬಕೆಟ್ಟಿಗೆ ಹಾಕ್ತೀವಿ. ಬೆಳಿಗ್ಗೆ ನೋಡಿದ್ರೆ ಹೋಗಿರುತ್ತೆ.”

ಮೊದಲು ಒಬ್ಬರು ಕಿಸಕ್ಕೆಂದರು. ಆಮೇಲೆ ಅಮ್ಮಂದಿರ ಸಾಲು ಸಾಲೇ ನಗತೊಡಗಿತು. ಅಪ್ಪಂದಿರು ಏನೂ ಅರ್ಥವಾಗದವರಂತೆ ತಮ್ಮ ತಮ್ಮ ಫೋನು ನೋಡಿಕೊಂಡರು. ಅಪ್ಪನೂ ನಕ್ಕ. ಥ್ಯಾಂಕ್ಸ್ ಅಂದವನೇ ಕೆಳಗಿಳಿದ. ಟೀಚರ್ ಅವನ ಕೈಗೆ ದೊಡ್ಡದೊಂದು ಹೂಗುಚ್ಛ ಕೊಟ್ಟರು.

ನಗುವಿನ ಗದ್ದಲಕ್ಕೆ ಅಮ್ಮ ಎಚ್ಚರಗೊಂಡು ಬೇಗಬೇಗ ಚಪ್ಪಾಳೆ ತಟ್ಟಿದಳು.

“ಚೆನ್ನಾಗಿತ್ತಾ?” ಮನೆಗೆ ಬಂದ ಮೇಲೆ ಅಪ್ಪ ಕೇಳಿದ.

“ಚೆನ್ನಾಗಿತ್ತು,” ಅಂದಳು ಅಮ್ಮ.

“ಇದನ್ನ ನೀರಲ್ಲಿ ಇಡು, ಬಾಡಿಹೋಗುತ್ತೆ,” ಎಂದು ಅಪ್ಪ ಹೂಗುಚ್ಛವನ್ನು ಅಮ್ಮನ ಕೈಗೆ ಕೊಟ್ಟ.

ಭಾನುವಾರ ಚೂಟಿ ಏಳುವಷ್ಟರಲ್ಲಿ ಅಮ್ಮ ಡ್ಯೂಟಿಗೆ ಹೋಗಿಯಾಗಿತ್ತು. ಮನೆ ನಿಶ್ಶಬ್ದವಾಗಿತ್ತು. ಅವಳು ನಿನ್ನೆ ಬಿಚ್ಚಿ ಎಸೆದ ಕಾಲುಚೀಲ ಎಸೆದಲ್ಲೇ ಬಿದ್ದಿತ್ತು. ಅಪ್ಪ ಕುಡಿದಿಟ್ಟ ಲೋಟ ಕಿಟಕಿಯ ಮೇಲೆ ಹಾಗೆಯೇ ಕೂತಿತ್ತು. ಅವುಗಳಿಗೆ ತಾವಾಗಿ ಎದ್ದು ಹೋಗಲು ಬರುತ್ತಿರಲಿಲ್ಲ.

ಅಪ್ಪ ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದ. ಓದುತ್ತಿರಲಿಲ್ಲ.

“ಅಪ್ಪಾ, ದಿನಾ ನೀನೇ ಮಾಡ್ತೀಯ ಅಂತ ಟೀಚರಿಗೆ ಹೇಳಿದ್ದು ನಾನು. ಸುಳ್ಳು ಹೇಳ್ಬಿಟ್ಟೆ.”

“ಗೊತ್ತು,” ಅಂದ ಅಪ್ಪ. ಪೇಪರ್ ಮಡಿಸಿಟ್ಟ. “ನೀನು ಕ್ಲಾಸಲ್ಲಿ ಹೇಳಿದೆ. ನಾನು ಮೈಕಲ್ಲಿ ಹೇಳಿದೆ.”

ಆಮೇಲೆ ಅಪ್ಪ ಎದ್ದು ಕಿಟಕಿಯ ಲೋಟ ತೆಗೆದುಕೊಂಡ. ಚೂಟಿ ಕಾಲುಚೀಲ ಎತ್ತಿಕೊಂಡಳು.

ಇದ್ದಬದ್ದ ತರಕಾರಿ ಹಾಕಿ ಸೂಪ್ ಮಾಡುವುದೆಂದು ಮಾತಾಯಿತು. ಅಪ್ಪ ಆಲೂಗಡ್ಡೆ ಹೆಚ್ಚಿದ. ಒಂದು ಹೋಳಿನ ಹಾಗೆ ಇನ್ನೊಂದಿರಲಿಲ್ಲ. ಚೂಟಿ ಸಿಂಕಿನ ಮುಂದೆ ಸ್ಟೂಲ್ ಹಾಕಿ ನಿಂತು ಪಾತ್ರೆ ತೊಳೆದಳು. ನೋಡಿದರೆ ಗೊತ್ತಾಗುವ ಕೆಲಸವೇ, ಆದರೆ ಕೈಗೆ ಗೊತ್ತಾಗುತ್ತಿರಲಿಲ್ಲ. ಬಾಣಲೆ ಎರಡು ಸಲ ಜಾರಿ ಬಿತ್ತು. ಸೋಪಿನ ನೀರು ಮೊಣಕೈವರೆಗೂ ಇಳಿಯಿತು.

“ಉಪ್ಪು ಎಷ್ಟು ಹಾಕೋದು? ಅಮ್ಮಂಗೆ ಫೋನ್ ಮಾಡಿ ಕೇಳ್ಲಾ?” ಅಪ್ಪ ಫೋನ್ ಎತ್ತಿಕೊಂಡ.

“ಬೇಡ. ಅಮ್ಮನ ಕೈಯಲ್ಲಿ ಸೂಜಿ ಇರುತ್ತೆ.”

ಅಪ್ಪ ಫೋನ್ ಕೆಳಗಿಟ್ಟ. ಸ್ವಲ್ಪ ಸ್ವಲ್ಪವೇ ಉಪ್ಪು ಹಾಕಿ ಇಬ್ಬರೂ ರುಚಿ ನೋಡಿದರು. ನೋಡಿ ನೋಡಿ ಕೊನೆಗೆ ಸೂಪ್ ಸ್ವಲ್ಪ ಉಪ್ಪಾಯಿತು, ಪಾತ್ರೆಯಲ್ಲಿ ಸ್ವಲ್ಪ ಕಡಿಮೆಯೂ ಆಯಿತು. ನೆಲ ಒದ್ದೆಯಾಗಿದ್ದು ಕಂಡು ಅಪ್ಪನೇ ಬಟ್ಟೆ ಹುಡುಕಿ ಒರೆಸಿದ. ಒರೆಸಿದ್ದು ಅಮ್ಮನ ಒಳ್ಳೆಯ ಟವೆಲಿನಲ್ಲಿ. ಆಮೇಲೆ ಆ ಟವೆಲನ್ನು ಒಗೆಯಬೇಕಾಯಿತು. ಒಂದು ಕೆಲಸದ ಬಾಲ ಹಿಡಿದು ಇನ್ನೊಂದು ಬರುತ್ತಲೇ ಇತ್ತು.

ಮಧ್ಯಾಹ್ನ ಅಮ್ಮ ಬಂದಳು. ಬ್ಯಾಗ್ ಇಟ್ಟವಳೇ ಸೀದಾ ಅಡುಗೆಮನೆಗೆ ನಡೆದು ಬಾಗಿಲಲ್ಲೇ ನಿಂತಳು. ಸಿಂಕ್ ಖಾಲಿ ಇತ್ತು. ಒಲೆಯ ಮೇಲೆ ಸೂಪ್ ಕುದಿಯುತ್ತಿತ್ತು. ಅವಳು ಅತ್ತಿತ್ತ ನೋಡಿದಳು, ಯಾರದೋ ಮನೆಗೆ ಬಂದವಳ ಹಾಗೆ.

“ನಾನೇನು ಮಾಡ್ಲಿ?” ಅಂದಳು.

“ಕೂತ್ಕೋ,” ಅಂದಳು ಚೂಟಿ.

ಅಮ್ಮ ಕೂತಳು. ಚಮಚ ತರಲು ಎದ್ದಳು. ಚಮಚ ಆಗಲೇ ಮೇಜಿನ ಮೇಲಿತ್ತು. ಮತ್ತೆ ಕೂತಳು. ಅಪ್ಪ ಒಲೆಯಿಂದ ಇಳಿಸಿದ್ದನ್ನು ಹಾಗೆಯೇ ತಂದು ಮೊದಲು ಅವಳ ಬಟ್ಟಲಿಗೆ ಬಡಿಸಿದ.

ಅಮ್ಮ ಒಂದು ಚಮಚ ತುಂಬ ತೆಗೆದು ನೇರವಾಗಿ ಬಾಯಿಗೆ ಹಾಕಿಕೊಂಡಳು. ತಕ್ಷಣ ಕೈ ಬಾಯಿಗೆ ಹೋಯಿತು. ಕಣ್ಣಲ್ಲಿ ನೀರು ಬಂತು.

“ಸುಟ್ಟುಬಿಡ್ತು,” ಅಂದಳು. “ಇಷ್ಟು ಬಿಸಿ ಇರುತ್ತೆ ಅಂತ ಗೊತ್ತಾಗಲಿಲ್ಲ.”

ಊದಿ ಆರಿಸಿ ಕುಡಿಯಬೇಕೆಂದು ಅಮ್ಮನಿಗೆ ಹೊಳೆದೇ ಇರಲಿಲ್ಲ. ಅಮ್ಮ ಊಟಕ್ಕೆ ಕೂರುವುದು ಯಾವಾಗಲೂ ಎಲ್ಲರದೂ ಆದ ಮೇಲೆ, ಬಡಿಸಿ, ಒರೆಸಿ, ಮುಚ್ಚಿಟ್ಟು ಆದ ಮೇಲೆ. ಅಷ್ಟು ಹೊತ್ತಿಗೆ ಊದುವಷ್ಟು ಬಿಸಿ ಉಳಿದಿರುತ್ತಿರಲಿಲ್ಲ.

ಹೀಗೆ ಕುಡಿಯಬೇಕು ಎಂದು ಹೇಳಿಕೊಡಲು ಅಪ್ಪ ಬಾಯಿ ತೆರೆದ. ಚೂಟಿಯ ಮುಖ ನೋಡಿ ಮುಚ್ಚಿಕೊಂಡ.

ಚೂಟಿ ಎದ್ದು ಹೋಗಿ ಒಂದು ಲೋಟ ತಣ್ಣೀರು ತಂದು ಅಮ್ಮನ ಮುಂದೆ ಇಟ್ಟಳು.